ವಠಾರದ ಲೆಕ್ಕ

ತಂಗಿಯ ಮಗ ಕಳೆದ ತಿಂಗಳು ವಾಟ್ಸಾಪಿನಲ್ಲಿ ಒಂದು ಎಕ್ಸೆಲ್ ಹಾಳೆ ಕಳಿಸಿದ. ಸರ್ಜಾಪುರ ರಸ್ತೆಯಾಚೆ ಎರಡು ಬೆಡ್‌ರೂಮಿನ ಫ್ಲಾಟು, ಬೆಲೆ 90 ಲಕ್ಷ, ಅದರಲ್ಲಿ ಬ್ಯಾಂಕ್ ಸಾಲ 70 ಲಕ್ಷ. ತಾನು ಇರುವುದಕ್ಕಲ್ಲ, ಬಾಡಿಗೆಗೆ ಕೊಡುವುದಕ್ಕೆ. ಹಾಳೆಯ ಕೊನೆಯಲ್ಲಿ ಒಂದೇ ಸಾಲು: ಬಾಡಿಗೆ 28,000, ಗುಣಿಸು 12. ಕೆಳಗೆ ಬರೆದಿದ್ದ: "ದೊಡ್ಡಮ್ಮ, ಸರಿಯಿದೆಯಾ ನೋಡಿ. ಕೂತಲ್ಲೇ ತಿಂಗಳು ತಿಂಗಳು ದುಡ್ಡು ಬರುತ್ತೆ."

ಕೂತಲ್ಲೇ ಎಂದು ಓದಿದ ಕೂಡಲೇ ಹನುಮಂತನಗರದ ನಮ್ಮ ವಠಾರದ ಯಜಮಾನಮ್ಮ ಕಣ್ಣಮುಂದೆ ಬಂದರು. ಗಂಡ ತೀರಿಕೊಂಡ ಮೇಲೆ ನಾಲ್ಕು ಮಕ್ಕಳನ್ನು ಬಾಡಿಗೆಯ ಹಣದಿಂದಲೇ ಓದಿಸಿ ಮದುವೆ ಮಾಡಿದ ಹೆಂಗಸು. ಅವರು ಹಗಲು ಹೊತ್ತು ಕೂತದ್ದನ್ನು ನಾನು ನೋಡಿದ ನೆನಪಿಲ್ಲ.

ಗವಿಪುರದ ಕಡೆಗೆ ಇಳಿಯುವ ಬೀದಿ ಅದು. ರಸ್ತೆಗೆ ಮುಖಮಾಡಿ ಅವರ ಮನೆ. ಪಕ್ಕದಲ್ಲಿ ಒಬ್ಬರು ಸೈಕಲ್ ತಳ್ಳಿಕೊಂಡು ಹೋಗುವಷ್ಟು ಓಣಿ. ಓಣಿ ಮುಗಿದಲ್ಲಿ ಅಂಗಳ, ಅಂಗಳದ ಮೂರು ಕಡೆಯೂ ಮಂಗಳೂರು ಹೆಂಚಿನ ಸಾಲುಮನೆಗಳು. ಒಂದು ನಡುಮನೆ, ಒಂದು ಅಡುಗೆಮನೆ, ಅದರ ಮೂಲೆಯಲ್ಲೇ ಬಚ್ಚಲು. ಕಕ್ಕಸು ಎಲ್ಲರಿಗೂ ಸೇರಿದ್ದು, ಹಿತ್ತಲಲ್ಲಿ. ನಲ್ಲಿಯೂ ಒಂದೇ. ಅಪ್ಪ ಬಿನ್ನಿ ಮಿಲ್ಲಿನಲ್ಲಿ ಗುಮಾಸ್ತರು. ಪಕ್ಕದ ಮನೆಯಲ್ಲಿ ಕಾರ್ಪೊರೇಷನ್ ಶಾಲೆಯ ಮೇಷ್ಟ್ರು, ಎದುರಿಗೆ ಬಸ್ ಕಂಡಕ್ಟರ್ ಸಂಸಾರ, ಮೂಲೆಯ ಮನೆಯಲ್ಲಿ ಎಚ್‌ಎಂಟಿ ಕಾರ್ಖಾನೆಯ ಬಸ್ಸು ಹಿಡಿಯಲು ನಸುಕಿನಲ್ಲೇ ಎದ್ದು ಹೋಗುತ್ತಿದ್ದ ಅಣ್ಣತಮ್ಮಂದಿರು. ತಿಂಗಳಿಗೆ 35 ರೂಪಾಯಿ ಬಾಡಿಗೆ. ಐದನೇ ತಾರೀಖು ದಾಟಿದರೆ ಯಜಮಾನಮ್ಮ ಅಂಗಳದ ತುಳಸಿಕಟ್ಟೆಯ ಬಳಿ ನಿಂತು ಸುಮ್ಮನೆ ಒಮ್ಮೆ ಕೆಮ್ಮುತ್ತಿದ್ದರು. ಅಷ್ಟೇ ಸಾಕಿತ್ತು.

ಏಪ್ರಿಲ್ ಕಳೆದು ಮೇ ಹಿಡಿಯಿತೆಂದರೆ ಏಣಿ ಹೊರಬರುತ್ತಿತ್ತು. ಒಬ್ಬ ಕೆಲಸದವನನ್ನು ಸೂರಿನ ಮೇಲೆ ಹತ್ತಿಸಿ, ಕೆಳಗೆ ನಿಂತು, ಯಾವ ಹೆಂಚು ಬಿರುಕು ಬಿಟ್ಟಿದೆ, ಯಾವುದು ಸರಿದಿದೆ ಎಂದು ಒಂದೊಂದನ್ನೂ ತೋರಿಸುತ್ತಿದ್ದರು. ಒಂದು ವರ್ಷ ಅಮ್ಮ ಕೇಳಿದರು: "ನಮ್ಮನೇಲಿ ಸೋರ್ತಾ ಇಲ್ವಲ್ಲ, ಯಾಕೆ ಸುಮ್ನೆ ಖರ್ಚು ಮಾಡ್ತೀರ?" ಯಜಮಾನಮ್ಮ ಹೇಳಿದರು: "ಸೋರಿದ ಮೇಲೆ ನೀವು ಮನೆ ಹುಡುಕೋಕೆ ಶುರು ಮಾಡ್ತೀರ. ನಾನು ಬಾಡಿಗೆಯವರನ್ನ ಹುಡುಕಬೇಕಾಗುತ್ತೆ. ಅದಕ್ಕಿಂತ ಹೆಂಚೇ ವಾಸಿ." ಆ ವಠಾರದಲ್ಲಿ ಮನೆ ಖಾಲಿ ಬೀಳುತ್ತಿದ್ದುದು ಅಪರೂಪ. ಮೇಷ್ಟ್ರ ಮಗಳು ಅಲ್ಲಿಯೇ ಹುಟ್ಟಿ ಅಲ್ಲಿಂದಲೇ ಗಂಡನ ಮನೆಗೆ ಹೋದಳು.

ಹೊಸದಾಗಿ ಮನೆ ಕೊಂಡು ಬಾಡಿಗೆಗೆ ಕೊಡಲು ಹೊರಟವರು ಮರೆಯುವ ಮೊದಲ ಲೆಕ್ಕವೇ ಇದು. ವರ್ಷಕ್ಕೆ 12 ಬಾಡಿಗೆ ಬರುತ್ತದೆಂದು ಹಾಳೆಯಲ್ಲಿ ಬರೆಯಬಹುದು, ಕೈಗೆ ಬರುವುದು ಅಷ್ಟಲ್ಲ. ನಾನು ತಂಗಿಯ ಮಗನ ಹಾಳೆಯನ್ನು ಮುಂದುವರಿಸಿದೆ. ಸ್ಟಾಂಪ್ ಡ್ಯೂಟಿ, ಸೆಸ್ಸು, ಸರ್‌ಚಾರ್ಜು ಸೇರಿ ಶೇಕಡ 5.6. ನೋಂದಣಿ ಶುಲ್ಕವನ್ನು ರಾಜ್ಯ ಸರ್ಕಾರ 2025ರ ಆಗಸ್ಟ್ ಕೊನೆಯಲ್ಲಿ ಶೇಕಡ 1ರಿಂದ 2ಕ್ಕೆ ಏರಿಸಿತು. ಎರಡೂ ಸೇರಿದರೆ 90 ಲಕ್ಷದ ಮನೆಗೆ ಏಳು ಲಕ್ಷದ ಹತ್ತಿರ. ಅಂದರೆ ಹಾಕುವ ಹಣ 97 ಲಕ್ಷ. ಬರುವ ಬಾಡಿಗೆ ವರ್ಷಕ್ಕೆ 3,36,000. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳು ಖಾಲಿ ಎಂದಿಟ್ಟುಕೊಂಡರೆ 28,000 ಹೋಯಿತು. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಅದನ್ನು ಎರಡು ವರ್ಷಕ್ಕೆ ಹಂಚಿದರೆ 14,000. ಆಸ್ತಿ ತೆರಿಗೆಗೆ 10,000 ಇಡೋಣ. ಪೇಂಟು, ಗೀಸರು, ಕಮೋಡಿನ ಫ್ಲಶ್ಶು, ಬಾಲ್ಕನಿಯ ಸೋರಿಕೆ ಎಂದು ವರ್ಷಕ್ಕೆ 25,000 ತೆಗೆದಿಡಬೇಕು. ಉಳಿದದ್ದು 2,59,000. ಹಾಕಿದ ಹಣದ ಮೇಲೆ ಶೇಕಡ ಮೂರೂ ಇಲ್ಲ. ಅತ್ತ 70 ಲಕ್ಷದ ಸಾಲಕ್ಕೆ ಶೇಕಡ 8.5ರ ಬಡ್ಡಿ, 20 ವರ್ಷದ ಅವಧಿ ಎಂದರೆ ತಿಂಗಳ ಕಂತು 60,000 ದಾಟುತ್ತದೆ. ಮೊದಲ ತಿಂಗಳ ಕಂತಿನಲ್ಲಿ ಬಡ್ಡಿಯೇ 49,000ಕ್ಕೂ ಮೇಲೆ. ಬಾಡಿಗೆ ಆ ಬಡ್ಡಿಗೂ ಸಾಲದು.

ನಾನು ಬ್ಯಾಂಕಿನಲ್ಲಿ ಗೃಹಸಾಲದ ವಿಭಾಗದಲ್ಲಿದ್ದಾಗ ಈ ಲೆಕ್ಕವನ್ನು ಎದುರಿಗೆ ಕೂತವರಿಗೆ ಬರೆದು ತೋರಿಸುತ್ತಿದ್ದೆ. ಕೆಲವರಿಗೆ ಕೋಪ ಬರುತ್ತಿತ್ತು. "ಬೆಲೆ ಏರುತ್ತಲ್ಲ ಮೇಡಂ" ಎನ್ನುತ್ತಿದ್ದರು. ಏರಬಹುದು. ಬೆಂಗಳೂರಿನಲ್ಲಿ ಏರಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಆದರೆ ಏರುವುದು ಹೆಚ್ಚಾಗಿ ನೆಲದ ಬೆಲೆ, ಕಟ್ಟಡ ವರ್ಷ ವರ್ಷಕ್ಕೂ ಹಳೆಯದಾಗುತ್ತದೆ. ಹದಿನೈದನೇ ಮಹಡಿಯ ಫ್ಲಾಟಿನವನ ಪಾಲಿಗೆ ಬರುವ ನೆಲ ಚೂರು. ಬೆಲೆ ಏರುತ್ತದೆಂಬ ನಂಬಿಕೆಯಿಂದ ಕೊಳ್ಳುವುದು ಬೇರೆ ವ್ಯವಹಾರ, ಬಾಡಿಗೆಯಿಂದ ಬದುಕುವುದು ಬೇರೆ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಿದಾಗ ಮನುಷ್ಯ ತನಗೆ ತಾನೇ ಸುಳ್ಳು ಹೇಳಿಕೊಳ್ಳುವುದು ಸುಲಭವಾಗುತ್ತದೆ.

ಸಾಲದ ಕಂತಿಲ್ಲದೆ ಬಾಡಿಗೆಯ ಆದಾಯ ಮಾಡಿಕೊಂಡವರನ್ನೂ ಹತ್ತಿರದಿಂದ ನೋಡಿದ್ದೇನೆ. ಬಿಇಎಲ್, ಐಟಿಐ, ಎಚ್‌ಎಎಲ್ ಕಾರ್ಖಾನೆಗಳಿಂದ ನಿವೃತ್ತರಾದವರು ಗ್ರಾಚ್ಯುಟಿ, ಪಿಎಫ್ ಹಣ ತಂದು, ತಮ್ಮ 30-40ರ ಸೈಟಿನ ಮನೆಯ ಮೇಲೆ ಇನ್ನೊಂದು ಮಹಡಿ ಎತ್ತಿಸುತ್ತಿದ್ದರು. ನೆಲ ಎಂದೋ ಕೊಂಡದ್ದು, ಅದಕ್ಕೆ ಹೊಸದಾಗಿ ಹಣ ಹಾಕಬೇಕಿಲ್ಲ. ಕಟ್ಟುವ ಖರ್ಚಿನ ಮೇಲೆ ಬರುವ ಬಾಡಿಗೆ ಫ್ಲಾಟಿನದಕ್ಕಿಂತ ಎಷ್ಟೋ ವಾಸಿ. ಕೆಳಗೆ ತಾವೇ ಇರುವುದರಿಂದ ನೀರು ಸೋರಿದ್ದು ಮೊದಲು ಅವರಿಗೇ ಗೊತ್ತಾಗುತ್ತಿತ್ತು. ಅಪ್ಪ ಅಮ್ಮನ ಹಳೆಯ ಮನೆಯಿರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ: ಬೇರೆಲ್ಲೋ ಫ್ಲಾಟು ನೋಡುವ ಮುಂಚೆ ನಿಮ್ಮ ಸೂರಿನ ಮೇಲೇನು ಸಾಧ್ಯ ಎಂದು ನೋಡಿ. ತಳಪಾಯ ತಡೆಯುತ್ತದೆಯೇ ಎಂದು ಇಂಜಿನಿಯರನ್ನು ಕೇಳಿ, ನಕ್ಷೆ ಮಂಜೂರು ಮಾಡಿಸಿ. ಮಂಜೂರಾತಿಗಿಂತ ಒಂದು ಮಹಡಿ ಹೆಚ್ಚು ಕಟ್ಟಿ ಆಮೇಲೆ ನೋಡಿಕೊಳ್ಳೋಣ ಎನ್ನುವ ಕಾಲ ಹೋಯಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಹೇಳಿದ ಮೇಲೆ ರಾಜ್ಯದಲ್ಲಿ ಎಷ್ಟೋ ಜನ ಮನೆ ಕಟ್ಟಿ ಮುಗಿಸಿಯೂ ಮೀಟರಿಗಾಗಿ ಅಲೆದರು. ಮೀಟರಿಲ್ಲದ ಮನೆಗೆ ಯಾರು ಬರುತ್ತಾರೆ?

ಮೀಟರಿನ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ಪ್ರತಿ ಮನೆಗೂ ಬೇರೆ ಬೇರೆ ಮೀಟರು ಹಾಕಿಸಿ. ವಠಾರದಲ್ಲಿ ಮೀಟರು ಒಂದೇ. ಯಜಮಾನಮ್ಮ ಬಲ್ಬಿನ ಲೆಕ್ಕದಲ್ಲಿ ಹಣ ಹಂಚುತ್ತಿದ್ದರು, ರೇಡಿಯೋ ಇದ್ದವರಿಗೆ ಸ್ವಲ್ಪ ಹೆಚ್ಚು. ಅಂಗಳದಲ್ಲಿ ನಡೆದ ಜಗಳಗಳಲ್ಲಿ ಅರ್ಧ ಅದರದ್ದೇ. ಈಗ ಗೃಹಜ್ಯೋತಿ ಯೋಜನೆ ಬಾಡಿಗೆಯವರಿಗೂ ಸಿಗುತ್ತದೆ, ತಿಂಗಳಿಗೆ 200 ಯೂನಿಟ್‌ವರೆಗೆ. ಅದಕ್ಕೆ ಆ ಮನೆಯ ವಿದ್ಯುತ್ ಬಿಲ್ಲಿನ ಖಾತೆ ಸಂಖ್ಯೆ ಬೇಕು, ವಾಸದ ದಾಖಲೆಯಾಗಿ ಅಗ್ರಿಮೆಂಟೋ ಅಂಥದ್ದೇ ಇನ್ನೊಂದು ಕಾಗದವೋ ಬೇಕು. ಸಬ್‌ಮೀಟರು ಹಾಕಿ ಓನರೇ ಬಿಲ್ಲು ಕಟ್ಟಿಕೊಳ್ಳುವ ಕಡೆ ಬಾಡಿಗೆಯ ಸಂಸಾರ ಆ ಸವಲತ್ತನ್ನು ಕಳೆದುಕೊಳ್ಳುತ್ತದೆ. ಅವರ ಪಾಲಿಗೆ ಅದು ಸಣ್ಣ ಮೊತ್ತವಲ್ಲ.

ಇನ್ನು ನೀರು. 1974ರಲ್ಲಿ ಕಾವೇರಿ ನೀರು ಬೆಂಗಳೂರಿಗೆ ಬಂದಾಗ ನಾನು ಹೈಸ್ಕೂಲಿಗೆ ಕಾಲಿಡುತ್ತಿದ್ದ ಹುಡುಗಿ. ಅಲ್ಲಿಯವರೆಗೆ ಊರಿಗೆಲ್ಲ ತಿಪ್ಪಗೊಂಡನಹಳ್ಳಿ, ಹೆಸರಘಟ್ಟಗಳ ನೀರು. ಕಾವೇರಿ ಬಂದ ಮೇಲೂ ನಮ್ಮ ಅಂಗಳದ ಸರದಿ ನಿಲ್ಲಲಿಲ್ಲ. ಯಜಮಾನಮ್ಮ ಬೆಳಗಿನ ಜಾವ ನಲ್ಲಿಯ ಮುಂದೆ ನಿಂತು ಬಿಂದಿಗೆಗಳನ್ನು ಸಾಲಾಗಿ ಇಡಿಸುತ್ತಿದ್ದರು. ಬಾಣಂತಿಯಿದ್ದ ಮನೆಗೆ ಮೊದಲು, ಆಮೇಲೆ ಬೇಗ ಕೆಲಸಕ್ಕೆ ಹೋಗುವವರಿಗೆ, ತಮ್ಮ ಮನೆಗೆ ಕೊನೆಗೆ. ಬೇಸಿಗೆಯಲ್ಲಿ ನಲ್ಲಿ ಬತ್ತಿದರೆ ಹಿತ್ತಲಿನ ಬಾವಿಯ ಹೂಳು ತೆಗೆಸುತ್ತಿದ್ದರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರಿಗಾಗಿ ಜನ ಕಾದದ್ದನ್ನು ಕಂಡಾಗ, ಐವತ್ತು ವರ್ಷ ಕಳೆದರೂ ಬಾಡಿಗೆಯ ಮನೆಗೆ ಬರುವವರು ಕೇಳುವ ಮೊದಲ ಪ್ರಶ್ನೆ ಬದಲಾಗಿಲ್ಲವಲ್ಲ ಎನಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ 110 ಹಳ್ಳಿಗಳ ಭಾಗಕ್ಕೆ ದಿನಕ್ಕೆ 775 ದಶಲಕ್ಷ ಲೀಟರ್ ಕೊಡುವ ಏರ್ಪಾಡಾಯಿತು. ಆದರೆ ಬಡಾವಣೆಗೆ ಕೊಳವೆ ಬಂದಿದೆ ಎಂದರೆ ನಿಮ್ಮ ಕಟ್ಟಡಕ್ಕೆ ಸಂಪರ್ಕ ಸಿಕ್ಕಿದೆ ಎಂದಾಗಲಿಲ್ಲ. ಬಿಲ್ಡರ್ ಬಾಯಲ್ಲಿ ಹೇಳಿದ್ದನ್ನು ಬಿಟ್ಟು, ಜಲಮಂಡಳಿಯ ಬಿಲ್ಲನ್ನೇ ಕೇಳಿ ನೋಡಬೇಕು. ಮಾರ್ಚ್, ಏಪ್ರಿಲಿನಲ್ಲಿ ಹೋಗಿ ಅಲ್ಲಿರುವ ಬಾಡಿಗೆಯವರನ್ನೇ ವಿಚಾರಿಸಬೇಕು. ಮಳೆಗಾಲದಲ್ಲಿ ಇನ್ನೊಮ್ಮೆ ಹೋದರೆ ರಸ್ತೆಯೂ ಬೇಸ್‌ಮೆಂಟೂ ತಮ್ಮ ಕಥೆ ತಾವೇ ಹೇಳುತ್ತವೆ.

ಕಾಗದಪತ್ರದ ವಿಷಯವನ್ನು ಉದ್ದ ಮಾಡುವುದಿಲ್ಲ. ಮೂಲಪತ್ರದಿಂದ ಇಂದಿನವರೆಗಿನ ಕೊಂಡಿ, ಕನಿಷ್ಠ ಮೂವತ್ತು ವರ್ಷದ ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ, ಇ-ಖಾತಾ, ತೆರಿಗೆ ರಸೀದಿ. ಎ ಖಾತಾ ಇರುವ ಕಡೆ ಸಾಲ ಸುಲಭ, ಬಿ ಖಾತಾದ ಆಸ್ತಿ ಅಗ್ಗಕ್ಕೆ ಸಿಗುವುದು ಸುಮ್ಮನಲ್ಲ. ಮಾರುವವರ ವಕೀಲರ ಅಭಿಪ್ರಾಯ ನಿಮಗೆ ಬೇಡ, ನಿಮ್ಮದೇ ವಕೀಲರಿಗೆ ಫೀಸು ಕೊಟ್ಟು ಓದಿಸಿ. ಮನೆ ಬಾಡಿಗೆಗೆ ಕೊಟ್ಟ ಮೇಲೆ ಆಸ್ತಿ ತೆರಿಗೆಯಲ್ಲಿ ಸ್ವಂತ ವಾಸವೆಂದು ತೋರಿಸುವವರು ಬಹಳ. ಬೆಂಗಳೂರಿನಲ್ಲಿ ಬಾಡಿಗೆ ಮನೆಯ ದರ ಸ್ವಂತ ವಾಸದ ಮನೆಯದಕ್ಕಿಂತ ಎರಡರಷ್ಟು, ಆ ವ್ಯತ್ಯಾಸ ಉಳಿಸುವ ಆಸೆಯೇ ಕಾರಣ. ಪಾಲಿಕೆ ಈಚೆಗೆ ಅಂಥವರನ್ನು ಹುಡುಕಿ ನೋಟಿಸು ಕೊಡುತ್ತಿದೆ, ಬಾಕಿಯ ಜೊತೆ ದಂಡವೂ ಬಡ್ಡಿಯೂ ಬೀಳುತ್ತದೆ. ಆದಾಯ ತೆರಿಗೆಯಲ್ಲಾದರೋ ಕಾನೂನೇ ಕೈ ಹಿಡಿಯುತ್ತದೆ: ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇಕಡ 30ನ್ನು ರಿಪೇರಿ ಮಾಡಿಸಿದರೂ ಬಿಟ್ಟರೂ ಕಳೆಯಬಹುದು, ಸಾಲದ ಬಡ್ಡಿಯನ್ನೂ ಕಳೆಯಬಹುದು. ಆದರೆ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರು ಮನೆಯ ನಷ್ಟವನ್ನು ಸಂಬಳದಲ್ಲಿ ಕಳೆದುಕೊಳ್ಳಲಾಗದು. ಅಮೆರಿಕದಲ್ಲಿ ಕೂತು ಇಲ್ಲಿ ಮನೆ ಬಾಡಿಗೆಗೆ ಕೊಡುವ ನಮ್ಮ ಮಕ್ಕಳಿಗೆ ಇನ್ನೊಂದು ಮಾತು: ಓನರು ಅನಿವಾಸಿಯಾಗಿದ್ದರೆ ಬಾಡಿಗೆ ಎಷ್ಟೇ ಇರಲಿ, ಬಾಡಿಗೆಯವರು ತೆರಿಗೆ ಮುರಿದುಕೊಂಡೇ ಕೊಡಬೇಕು. ಎಷ್ಟೋ ಬಾಡಿಗೆಯವರಿಗೆ ಅದು ಗೊತ್ತಿರುವುದಿಲ್ಲ, ತಿಳಿಸುವುದು ಓನರಿನ ಕೆಲಸ.

ಓನರು-ಬಾಡಿಗೆಯವರ ಜಗಳ ಕೋರ್ಟಿಗೆ ಹೋದರೆ ಏನಾಗುತ್ತದೆಂದೂ ನೋಡಿದ್ದೇನೆ. ಟೈಪಿಂಗ್ ಸೀನಿಯರ್ ಮುಗಿಸಿದ ಮೇಲೆ, ಬ್ಯಾಂಕಿನ ಕೆಲಸ ಸಿಗುವ ತನಕ, ಎಂಬತ್ತರ ದಶಕದ ಮೊದಲಲ್ಲಿ ನಾನು ಕಬ್ಬನ್‌ಪೇಟೆಯ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಗೋಡೆಯ ಉದ್ದಕ್ಕೂ ಎಚ್‌ಆರ್‌ಸಿ, ಅಂದರೆ ಮನೆ ಬಾಡಿಗೆ ನಿಯಂತ್ರಣದ, ಕೇಸಿನ ಕಟ್ಟುಗಳು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲ. ಓನರು ಮನೆ ಬಿಡಿಸಬೇಕೆಂದರೆ ತನಗೆ ನಿಜವಾಗಿ ಬೇಕಾಗಿದೆ ಎಂದು ಕೋರ್ಟಿನಲ್ಲಿ ತೋರಿಸಬೇಕಿತ್ತು, ಬಿಟ್ಟುಹೋದರೆ ಬಾಡಿಗೆಯವರಿಗೆ ಆಗುವ ಕಷ್ಟವನ್ನೂ ಕೋರ್ಟು ತೂಗಿ ನೋಡುತ್ತಿತ್ತು. ನಮ್ಮ ವಕೀಲರು ಎರಡೂ ಕಡೆಯವರಿಗೂ ನಡೆಸುತ್ತಿದ್ದರು, ಬೇರೆ ಬೇರೆ ಕೇಸುಗಳಲ್ಲಿ. ಬಾಡಿಗೆ ತೆಗೆದುಕೊಳ್ಳಲು ಓನರು ಒಪ್ಪದಿದ್ದರೆ ಬಾಡಿಗೆಯವರು ಮನಿಯಾರ್ಡರ್ ಕಳಿಸುತ್ತಿದ್ದರು. ಅದು ತಿರಸ್ಕೃತವಾಗಿ ವಾಪಸು ಬಂದ ಚೀಟಿಗಳನ್ನು ನಾನು ತಾರೀಖಿನ ಪ್ರಕಾರ ಜೋಡಿಸಿ ಫೈಲಿಗೆ ಹೊಲಿಯುತ್ತಿದ್ದೆ.

ಬಳೇಪೇಟೆಯ ಕಡೆಯ ಒಬ್ಬ ಮುದುಕ ಓನರು ಬರುತ್ತಿದ್ದರು. ಮನೆಯ ಬಾಡಿಗೆ ಅವರ ಅಪ್ಪನ ಕಾಲದ್ದು, ಒಂದು ಮೂಟೆ ಸಿಮೆಂಟಿಗೂ ಸಾಲದಷ್ಟು. ಗೋಡೆ ಬಿರುಕು ಬಿಟ್ಟಿತ್ತು. ಅವರು ರಿಪೇರಿ ಮಾಡಿಸಲಿಲ್ಲ, ಬಾಡಿಗೆಯವರು ಬಿಡಲಿಲ್ಲ. ಇಬ್ಬರೂ ನಮ್ಮ ಆಫೀಸಿನ ಬೆಂಚಿನ ಮೇಲೆ ಒಂದೇ ದಿನ ಬಂದು ಕೂತದ್ದೂ ಉಂಟು. ಆಗ ನನಗೆ ಎಲ್ಲ ಓನರುಗಳೂ ಕೆಟ್ಟವರು, ಬಾಡಿಗೆಯವರೆಲ್ಲ ಪಾಪದವರು ಎನಿಸುತ್ತಿತ್ತು. ನಾನೇ ಬಾಡಿಗೆ ಮನೆಯ ಹುಡುಗಿಯಲ್ಲವೇ? ಈಗ ಯೋಚಿಸಿದರೆ, ಆ ಕಾನೂನು ಬಡವರ ತಲೆಯ ಮೇಲೊಂದು ಸೂರು ಉಳಿಸಿದ್ದು ನಿಜ. ಹಾಗೆಯೇ ಆ ಸೂರನ್ನು ಗಟ್ಟಿಯಾಗಿಡುವ ಮನಸ್ಸನ್ನು ಓನರುಗಳಿಂದ ಕಸಿದುಕೊಂಡದ್ದೂ ನಿಜ. ವಕೀಲರು ನನಗೆ ಇಂಗ್ಲಿಷ್ ತಿದ್ದಿ ಕಲಿಸಿದವರು, ಸಂಬಳ ಒಂದು ದಿನ ತಡ ಮಾಡಿದವರಲ್ಲ. ಆದರೆ ಬೆಂಚಿನ ಮೇಲಿದ್ದ ಆ ಇಬ್ಬರನ್ನು ಕೂರಿಸಿ ಮಾತಾಡಿಸಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತೇನೋ. ಕೇಸು ಮುಂದಕ್ಕೆ ಹೋದಷ್ಟೂ ಆಫೀಸು ನಡೆಯುತ್ತಿತ್ತು.

1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯ ದಿನ ಜಾರಿಗೆ ಬಂತು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದೇ ಇಲ್ಲ. ಅಂದರೆ ಇಂದು ಬೆಂಗಳೂರಿನ ಹೆಚ್ಚುಕಡಿಮೆ ಎಲ್ಲ ಬಾಡಿಗೆ ಮನೆಗಳೂ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕೆಳಗೆ, ಮತ್ತು ಓನರು-ಬಾಡಿಗೆಯವರು ಬರೆದುಕೊಂಡ ಅಗ್ರಿಮೆಂಟಿನ ಕೆಳಗೆ. ಅದಕ್ಕೇ ಆ ಕಾಗದ ಮುಖ್ಯ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕಾದ್ದರಿಂದ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಅಂಗಡಿಯವನು ಪ್ರಿಂಟ್ ತೆಗೆದುಕೊಟ್ಟ ಹಾಳೆಗೆ ಕಣ್ಣು ಮುಚ್ಚಿ ಸಹಿ ಹಾಕುವುದನ್ನು ಎಲ್ಲೆಲ್ಲೂ ನೋಡುತ್ತೇನೆ. ಹಾಳೆಯಲ್ಲಿ ಓನರು ಬಿಡಿಸುವುದಕ್ಕೆ ಒಂದು ತಿಂಗಳ ನೋಟಿಸು, ಬಾಡಿಗೆಯವರು ಬಿಡುವುದಕ್ಕೆ ಮೂರು ತಿಂಗಳು ಎಂದಿರುತ್ತದೆ. ಅದು ನ್ಯಾಯವಲ್ಲ, ಇಬ್ಬರಿಗೂ ಒಂದೇ ಇರಲಿ. ಗೋಡೆ, ಪೈಪು, ವೈರಿಂಗಿನ ದೊಡ್ಡ ರಿಪೇರಿ ಯಾರದು, ನಲ್ಲಿಯ ವಾಷರು ಯಾರದು, ಪೇಂಟಿಗೆಂದು ಎಷ್ಟು ಹಿಡಿದುಕೊಳ್ಳುತ್ತೀರಿ, ಬಾಡಿಗೆ ಯಾವಾಗ ಎಷ್ಟು ಏರುತ್ತದೆ, ಇವಿಷ್ಟನ್ನೂ ಬಿಡಿಸಿ ಬರೆಯಿರಿ. ಕೀಲಿ ಕೊಡುವ ದಿನ ಪ್ರತಿ ಕೋಣೆಯ ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಹೀಗೆ ಮಾಡಿದ್ದರೆ ನಾನು ಹೊಲಿದ ಎಷ್ಟೋ ಫೈಲುಗಳು ಹುಟ್ಟುತ್ತಲೇ ಇರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಹೇಳಬೇಕಾದದ್ದು ಅಡ್ವಾನ್ಸಿನ ವಿಷಯ. ಯಜಮಾನಮ್ಮನ ಬಳಿ ಎರಡು ಪೋಸ್ಟಾಫೀಸು ಪಾಸ್‌ಬುಕ್ ಇದ್ದವು. ಒಂದರಲ್ಲಿ ಬಾಡಿಗೆಯ ಹಣ, ಇನ್ನೊಂದರಲ್ಲಿ ಎಲ್ಲ ಮನೆಗಳ ಅಡ್ವಾನ್ಸು. ಎರಡನೆಯದನ್ನು ದೇವರ ಮನೆಯಲ್ಲಿ ಇಡುತ್ತಿದ್ದರು. ಅವರ ಹಿರಿಯ ಮಗಳ ಮದುವೆಯಲ್ಲಿ ಹಣ ಸಾಲದೆ ಬಂದಾಗ ಕೈಬಳೆ ಅಡವಿಟ್ಟರೇ ಹೊರತು ಆ ಪುಸ್ತಕ ಮುಟ್ಟಲಿಲ್ಲ. ಅಮ್ಮನ ಹತ್ತಿರ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದನ್ನು ನಾನೇ ಕೇಳಿದ್ದೇನೆ: "ಅದು ನಿಮ್ಮ ದುಡ್ಡು ಕಣಮ್ಮ. ನನ್ನ ಹತ್ರ ಇದೆ ಅಷ್ಟೇ." ಕಂಡಕ್ಟರಿಗೆ ವರ್ಗವಾಗಿ ಚಿತ್ರದುರ್ಗಕ್ಕೆ ಹೊರಟಾಗ ಲಾರಿಗೆ ಸಾಮಾನು ಏರಿಸುವ ಮುಂಚೆಯೇ ಅವರ ಹೆಂಡತಿಯ ಕೈಗೆ ಅಷ್ಟೂ ಹಣ ಎಣಿಸಿ ಕೊಟ್ಟರು.

ಆಮೇಲೆ ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಕೇಳುವ ರೂಢಿ ಬೆಳೆಯಿತು. ಈಗೀಗ ಕೆಲವು ಕಡೆ ಅದು ಇಳಿದಿದೆ. ಕೇಂದ್ರ ಸಚಿವ ಸಂಪುಟ 2021ರ ಜೂನಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚಿನ ಠೇವಣಿ ಬೇಡ ಎನ್ನುತ್ತದೆ. ರಾಜ್ಯಗಳು ತಮ್ಮದಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಅದಿರಲಿ, ಮೊತ್ತಕ್ಕಿಂತ ನನ್ನನ್ನು ಕಾಡುವುದು ಆ ಹಣ ಎಲ್ಲಿ ಹೋಗುತ್ತದೆ ಎಂಬುದು. ಬ್ಯಾಂಕಿನಲ್ಲಿದ್ದಾಗ ಅಡ್ವಾನ್ಸು ವಾಪಸು ಕೊಡಲು ಸಾಲ ಕೇಳಿ ಬಂದ ಓನರುಗಳನ್ನು ನೋಡಿದ್ದೇನೆ. ಅಡ್ವಾನ್ಸಿನಲ್ಲಿ ಗ್ರಾನೈಟ್ ಹಾಕಿಸಿರುತ್ತಾರೆ, ಕಾರಿಗೆ ಕೊಟ್ಟಿರುತ್ತಾರೆ. ಹೊಸ ಬಾಡಿಗೆಯವರ ಹಣ ಬಂದಾಗ ಹಳೆಯವರಿಗೆ ಕೊಟ್ಟರಾಯಿತು ಎಂಬ ಧೈರ್ಯ. 2020ರಲ್ಲಿ ಕೋವಿಡ್ ಬಂದು ಐಟಿಯ ಹುಡುಗರು ಊರಿಗೆ ಮರಳಿದಾಗ, ಬೀದಿ ಬೀದಿಗೂ ಟು-ಲೆಟ್ ಬೋರ್ಡುಗಳು ತೂಗಿದಾಗ, ಆ ಧೈರ್ಯ ಕುಸಿಯಿತು. ಬಿಟ್ಟುಹೋದವರು ತಮ್ಮದೇ ಹಣಕ್ಕೆ ತಿಂಗಳುಗಟ್ಟಲೆ ಫೋನು ಮಾಡುತ್ತಿದ್ದರು.

ಭೋಗ್ಯದ್ದು ಇನ್ನೂ ದೊಡ್ಡ ಅಪಾಯ. ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಅಷ್ಟನ್ನೂ ವಾಪಸು ಪಡೆಯುವ ಏರ್ಪಾಡು. ಮನೆ ಕಟ್ಟಿ ಕೈ ಖಾಲಿಯಾದ ಹೊಸ ಓನರಿಗೆ ಅದು ವರದಂತೆ ಕಾಣುತ್ತದೆ. ಅದು ಸಾಲ. ಬಡ್ಡಿಯ ಬದಲು ಮನೆ ಕೊಟ್ಟಿರುತ್ತೀರಿ, ಅಸಲು ಹಾಗೆಯೇ ಇರುತ್ತದೆ. ಬ್ಯಾಂಕಿಗೆ ಅಡವಿದ್ದ ಕಟ್ಟಡವನ್ನು ಮುಚ್ಚಿಟ್ಟು ಭೋಗ್ಯಕ್ಕೆ ಕೊಟ್ಟು, ಓನರು ಕಂತು ಕಟ್ಟದೆ, ಬ್ಯಾಂಕು ಕಟ್ಟಡವನ್ನು ವಶಕ್ಕೆ ತೆಗೆದುಕೊಂಡಾಗ ಮೂರು ಮಹಡಿಯ ಸಂಸಾರಗಳು ಬೀದಿಗೆ ಬಂದದ್ದನ್ನು ಕಂಡಿದ್ದೇನೆ. ಅವರಲ್ಲೊಬ್ಬಳು ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಂಗಸು, ಮಗಳ ಮದುವೆಗೆಂದು ಕೂಡಿಟ್ಟದ್ದನ್ನೆಲ್ಲ ಭೋಗ್ಯಕ್ಕೆ ಹಾಕಿದ್ದಳು. ಆಕೆ ನಮ್ಮ ಕೌಂಟರಿನ ಮುಂದೆ ನಿಂತು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ. ಅಡ್ವಾನ್ಸನ್ನು ಬೇರೆ ಖಾತೆಯಲ್ಲಿ, ಎಫ್‌ಡಿಯಲ್ಲಿ, ಮುಟ್ಟದೆ ಇಡಲು ಆಗದವರು ಮನೆಯನ್ನು ಬಾಡಿಗೆಗೆ ಕೊಡಬಾರದು ಎಂಬಷ್ಟರ ಮಟ್ಟಿಗೆ ನನಗೆ ಈ ವಿಷಯದಲ್ಲಿ ಹಟವಿದೆ.

ಯಜಮಾನಮ್ಮನನ್ನು ಇಷ್ಟು ಹೊಗಳಿದ ಮೇಲೆ ಉಳಿದದ್ದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ವಠಾರದಲ್ಲಿ ಮನೆ ಖಾಲಿಯಾದ ಒಂದು ಸಲ ಅಪ್ಪ ತಮ್ಮ ಮಿಲ್ಲಿನ ಸ್ನೇಹಿತರೊಬ್ಬರನ್ನು ಕರೆತಂದರು. ನನಗೆ ಪೆಪ್ಪರ್‌ಮಿಂಟು ತರುತ್ತಿದ್ದ, ಮೆತ್ತಗೆ ಮಾತಾಡುವ ಮನುಷ್ಯ. ಯಜಮಾನಮ್ಮ ಬಾಗಿಲಲ್ಲೇ ನಿಂತು ಊರು ಕೇಳಿದರು, ಮನೆದೇವರು ಕೇಳಿದರು, ಆಮೇಲೆ ನೇರವಾಗಿ ಜಾತಿಯನ್ನೇ ಕೇಳಿದರು. ಅವರು ಹೇಳಿದರು. "ಮನೆ ಆಗಲೇ ಮಾತಾಗಿದೆ" ಎಂದರು ಯಜಮಾನಮ್ಮ. ಮಾತಾಗಿರಲಿಲ್ಲ. ಆ ಮನೆ ಆ ಮಳೆಗಾಲವೆಲ್ಲ ಖಾಲಿ ಇತ್ತು, ಹೆಂಚಿಗೆ ಅಷ್ಟು ಲೆಕ್ಕ ಹಾಕುತ್ತಿದ್ದ ಹೆಂಗಸು ಆ ನಷ್ಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಪ್ಪ ಅಂದು ರಾತ್ರಿ ಊಟ ಮಾಡಲಿಲ್ಲ. ಹಾಗೆಂದು ನಾವು ವಠಾರ ಬಿಡಲೂ ಇಲ್ಲ. ಅದೂ ಸತ್ಯ. ಬಾಣಂತಿಯ ಮನೆಗೆ ಮೊದಲ ಬಿಂದಿಗೆ ತುಂಬಿಸುತ್ತಿದ್ದ ಕೈಯೇ ಆ ಬಾಗಿಲನ್ನೂ ಮುಚ್ಚಿದ್ದು. ಎರಡನ್ನೂ ಕೂಡಿಸಿ ಒಂದು ಉತ್ತರ ತೆಗೆಯಲು ನನಗೆ ಇವತ್ತಿಗೂ ಆಗಿಲ್ಲ, ಆಗುತ್ತದೆಂದೂ ಅನ್ನಿಸುವುದಿಲ್ಲ.

ಈಗ ಆ ಬಾಗಿಲು ಮೊಬೈಲಿನಲ್ಲಿ ಮುಚ್ಚುತ್ತದೆ. ಸಸ್ಯಾಹಾರಿಗಳಿಗೆ ಮಾತ್ರ, ಸಂಸಾರಸ್ಥರಿಗೆ ಮಾತ್ರ ಎಂಬ ಸಾಲುಗಳು ಜಾಹೀರಾತಿನಲ್ಲೇ ಇರುತ್ತವೆ. ಮುಸ್ಲಿಂ ಹೆಸರು ಕೇಳಿದ ಕೂಡಲೇ ಬ್ರೋಕರಿನ ದನಿ ಬದಲಾಗುತ್ತದೆ, ಒಂಟಿ ಹೆಂಗಸಿಗೆ ರಾತ್ರಿ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳುತ್ತಾರೆ. ಮನೆ ಕೊಡುವವರು ಕೇಳಬೇಕಾದ ಪ್ರಶ್ನೆಗಳಿವೆ. ಎಲ್ಲಿ ಕೆಲಸ, ಎಷ್ಟು ಜನ ಇರುತ್ತೀರಿ, ಹಿಂದಿನ ಓನರಿನ ಫೋನು ನಂಬರು ಕೊಡುತ್ತೀರಾ, ಗುರುತಿನ ಚೀಟಿ ಕೊಡಿ, ಪೊಲೀಸ್ ಠಾಣೆಗೆ ವಿವರ ಕೊಡಬೇಕು. ಹಿಂದಿನ ಓನರಿಗೆ ಫೋನು ಮಾಡಿ ಐದು ನಿಮಿಷ ಮಾತಾಡಿದರೆ ಬಾಡಿಗೆ ಸರಿಯಾಗಿ ಬರುತ್ತಿತ್ತೇ, ಮನೆ ಹೇಗಿಟ್ಟುಕೊಂಡಿದ್ದರು ಎನ್ನುವುದು ತಿಳಿಯುತ್ತದೆ. ಒಲೆಯ ಮೇಲೆ ಏನು ಬೇಯುತ್ತದೆ ಎನ್ನುವುದರಿಂದ ಇವೆರಡೂ ತಿಳಿಯುವುದಿಲ್ಲ.

ನಮ್ಮ ಮನೆಯ ಮಹಡಿಯಲ್ಲಿ ಈಗ ಇರುವವರು ಕಲಬುರಗಿ ಕಡೆಯ ನರ್ಸ್, ಆಕೆಯ ಗಂಡ, ಆಕೆಯ ಅತ್ತೆ. ಆಕೆಗೆ ರಾತ್ರಿ ಪಾಳಿ ಇದ್ದಾಗ ಗೇಟಿನ ಸದ್ದು ಬೆಳಗಿನ ಜಾವಕ್ಕೆ ಕೇಳುತ್ತದೆ. ಭಾನುವಾರ ಮೀನು ಹುರಿದ ವಾಸನೆ ಮೆಟ್ಟಿಲಿಗೆ ಬರುತ್ತದೆ. ಎದುರು ಮನೆಯವರು ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು, "ನಿಮಗೆ ಕಷ್ಟ ಆಗಲ್ವಾ?" ಎಂದು ಕೇಳಿದರು. ಆಗಲ್ಲ ಎಂದೆ, ಅವರು ಸುಮ್ಮನಾದರು. ಈ ಸಲ ಅಗ್ರಿಮೆಂಟು ಹೊಸದಾಗಿ ಬರೆದುಕೊಂಡಾಗ ಬಾಡಿಗೆಯನ್ನು ಶೇಕಡ 5 ಏರಿಸಿದೆ, ಅಡ್ವಾನ್ಸು ಏರಿಸಲಿಲ್ಲ. ಅಡುಗೆಮನೆಯ ಸಿಂಕಿನ ಪೈಪು ಬದಲಾಯಿಸಿಕೊಡಿ, ತಾರಸಿಯಲ್ಲಿ ಬಟ್ಟೆ ಒಣಹಾಕಲು ಇನ್ನೆರಡು ತಂತಿ ಕಟ್ಟಿಸಿಕೊಡಿ ಎಂದು ಆಕೆಯ ಅತ್ತೆ ಕೇಳಿದ್ದಾರೆ. ಪ್ಲಂಬರಿಗೆ ಹೇಳಿದ್ದೇನೆ, ಶನಿವಾರ ಬರುತ್ತಾನೆ.